‘ಪರ್ಫಾರ್ಮೆನ್ಸ್’, ‘ಎಫಿಶಿಯೆನ್ಸಿ’ ಎರಡಕ್ಕೂ ‘ಕಾರ್ಯಕ್ಷಮತೆ’ ಎಂದರೆ ಹೋಲಿಸುವುದು ಹೇಗೆ?

ಮಾನ್ಯರೇ,

ಪದವೊಂದರ ತೊಡಕು ಎರಡು ವಾರಗಳಿಂದ ನನ್ನನ್ನು ಕಾಡುತ್ತಿದೆ. ಬಲ್ಲವರು ಬಿಡಿಸಿಕೊಡಬೇಕು.

ನನ್ನ ತಮ್ಮನ ಮಗ ಮದ್ದೂರಿನಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಮದುವೆ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಅವನ ಕಸುಬು. ಹೊಸ ಕಂಪ್ಯೂಟರ್ ಕೊಳ್ಳಬೇಕಾಗಿದ್ದು, ಎರಡು ಪ್ರೊಸೆಸರ್‌ಗಳ (ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್‌ಗಳ) ನಡುವೆ ತೀರ್ಮಾನ ನಿಂತಿದೆ. ಅವುಗಳ ವಿವರಗಳನ್ನು ತಂದುಕೊಟ್ಟು, ‘ದೊಡ್ಡಪ್ಪ, ಅಂಗಡಿಯ ಹುಡುಗರಿಗೂ ಅರ್ಥವಾಗುವಂತೆ ಇದನ್ನು ಕನ್ನಡದಲ್ಲಿ ಬರೆದುಕೊಡಿ’ ಎಂದ. ಅವುಗಳಲ್ಲಿ ಒಂದು ಇಂಟೆಲ್ ಕಂಪನಿ 2021ರಲ್ಲಿ ತಂದ ಕೋರ್ ಐ9-12900ಕೆ. ಅದರೊಳಗೆ ಎರಡು ಬಗೆಯ ಕೋರ್‌ಗಳು, ಅಂದರೆ ತಾವೇ ಕೆಲಸ ಮಾಡಬಲ್ಲ ಲೆಕ್ಕದ ಘಟಕಗಳು, ಇವೆ: ‘ಪರ್ಫಾರ್ಮೆನ್ಸ್ ಕೋರ್’ ಎಂಟು, ‘ಎಫಿಶಿಯೆಂಟ್ ಕೋರ್’ ಎಂಟು. ನಿಘಂಟಿನಲ್ಲಿ ಎರಡೂ ಪದಗಳನ್ನು ಹುಡುಕಿ, ಸಿಕ್ಕ ಅರ್ಥವನ್ನೇ ಇಟ್ಟು ವಾಕ್ಯ ಕಟ್ಟಿದಾಗ ಅದು ಹೀಗಾಯಿತು: ‘ಇದರಲ್ಲಿ ಎಂಟು ಕಾರ್ಯಕ್ಷಮತೆಯ ಕೋರ್‌ಗಳೂ ಎಂಟು ಕಾರ್ಯಕ್ಷಮತೆಯ ಕೋರ್‌ಗಳೂ ಇವೆ.’ ಹುಡುಗ ಓದಿ ತಲೆಯೆತ್ತಿ ನೋಡಿದ.

ಈ ಎರಡು ಗುಣಗಳ ವ್ಯತ್ಯಾಸವೇ ಇಲ್ಲಿ ಮುಖ್ಯ. ಮೊದಲ ಬಗೆಯ ಕೋರ್ ಇರುವುದು ಕೆಲಸವನ್ನು ಆದಷ್ಟು ಬೇಗ ಮುಗಿಸುವುದಕ್ಕೆ, ಎಷ್ಟು ವಿದ್ಯುತ್ ಉರಿದರೂ ಸರಿ. ಎರಡನೆಯದು ಇರುವುದು ಅದೇ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡುವುದಕ್ಕೆ, ತುಸು ತಡವಾದರೂ ಸರಿ. ಇದು ಇಂಟೆಲ್ ಒಂದರದೇ ಪರಿಭಾಷೆಯೂ ಅಲ್ಲ. ಆಪಲ್ 2020ರ ನವೆಂಬರ್‌ನಲ್ಲಿ ತಂದ ಎಂ1 ಪ್ರೊಸೆಸರ್‌ನಲ್ಲೂ ನಾಲ್ಕು ಇಂಥವು, ನಾಲ್ಕು ಅಂಥವು. ಪ್ರೊಸೆಸರ್‌ಗಳ ವಿನ್ಯಾಸ ಮಾಡುವ ಆರ್ಮ್ ಕಂಪನಿ 2011ರಲ್ಲೇ ಇದೇ ಏರ್ಪಾಟನ್ನು ಪ್ರಕಟಿಸಿ ‘ಬಿಗ್-ಲಿಟಲ್’ ಎಂದು ಹೆಸರಿಟ್ಟಿತ್ತು. ಆ ಹೆಸರು ಉಳಿದಿದ್ದರೆ ‘ದೊಡ್ಡ ಕೋರ್, ಚಿಕ್ಕ ಕೋರ್’ ಎಂದು ಬರೆದು ಮುಗಿಸಬಹುದಿತ್ತು.

‘ದಕ್ಷತೆ’ ಇದೆಯಲ್ಲ ಎನ್ನಬಹುದು. ಭೌತಶಾಸ್ತ್ರದ ಪಾಠದಲ್ಲಿ ಎಂಜಿನ್ನಿನ ದಕ್ಷತೆ ಎಂದು ಓದಿದವರು ನಾವೆಲ್ಲ. ಆದರೆ ಪಾಠದ ಹೊರಗೆ ದಕ್ಷ ಎಂದರೇನು? ದಕ್ಷ ಅಧಿಕಾರಿ ಎಂದರೆ ಕೆಲಸವನ್ನು ಚೆನ್ನಾಗಿ, ಚುರುಕಾಗಿ, ಕೈ ಕೆಡಿಸಿಕೊಳ್ಳದೆ ಮಾಡುವವನು. ಕಡಿಮೆ ಖರ್ಚಿನಲ್ಲಿ ಮಾಡುವವನು ಎಂಬ ಅರ್ಥ ಅಲ್ಲಿ ಸುಳಿಯುವುದೇ ಇಲ್ಲ. ‘ಕ್ಷಮ’ ಎಂದರೆ ಸಮರ್ಥ. ಕಾರ್ಯಕ್ಷಮತೆ ಎಂದರೂ ಕೆಲಸ ಮಾಡಬಲ್ಲ ಶಕ್ತಿಯೇ. ಹೀಗೆ ಎರಡೂ ಪದಗಳು ಮೊದಲನೆಯ ಗುಣದ ಕಡೆಗೇ ವಾಲುತ್ತವೆ. ಎರಡನೆಯದಕ್ಕೆ ಬಳಕೆಯ ಪದವೇ ಇಲ್ಲ.

ಇದರ ತೊಂದರೆ ಎಷ್ಟೆಂದು ತಿಳಿಯಲು ಹಳೆಯ ಜೋಡಿಯೊಂದನ್ನು ತೆಗೆದುಕೊಳ್ಳುತ್ತೇನೆ. 2004ರ ಕೊನೆಯಲ್ಲಿ ಇಂಟೆಲ್ಲಿನ ಪೆಂಟಿಯಂ 4 ಪ್ರೊಸೆಸರ್, ನಾವು ‘ವೇಗ’ ಎನ್ನುವ ಲೆಕ್ಕದಲ್ಲಿ ತನ್ನ ತುದಿ ಮುಟ್ಟಿತು: 3.8 ಗಿಗಾಹರ್ಟ್ಸ್. 4 ಗಿಗಾಹರ್ಟ್ಸ್‌ನದನ್ನು ತರುವ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. 2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಸಾಲಿನ ಇ6600 ಬರೀ 2.4 ಗಿಗಾಹರ್ಟ್ಸ್‌ನದು. ಮೊದಲನೆಯದಕ್ಕೆ ಕಂಪನಿ ನಿಗದಿಪಡಿಸಿದ್ದ ಶಾಖದ ಮಿತಿ 115 ವ್ಯಾಟ್, ಎರಡನೆಯದಕ್ಕೆ 65. ಆದರೂ ಬಹುಪಾಲು ಕೆಲಸಗಳಲ್ಲಿ ಎರಡನೆಯದೇ ಮೊದಲನೆಯದನ್ನು ಹಿಂದೆ ಹಾಕಿತು. ಈಗ ಇದನ್ನು ನಮ್ಮ ಪದಗಳಲ್ಲಿ ಬರೆದು ನೋಡಿ: ‘ಪೆಂಟಿಯಂ 4ರ ವೇಗ ಹೆಚ್ಚು, ಆದರೆ ಕೋರ್ 2 ಡ್ಯುಯೊ ಹೆಚ್ಚು ವೇಗವಾಗಿ ಕೆಲಸ ಮಾಡುತ್ತದೆ, ಅದರ ಕಾರ್ಯಕ್ಷಮತೆಯೂ ಹೆಚ್ಚು, ಕಾರ್ಯಕ್ಷಮತೆಯೂ ಹೆಚ್ಚು.’ ಯಾರಿಗೆ ಏನು ತಿಳಿದೀತು?

ಗಿಗಾಹರ್ಟ್ಸ್ ಅನ್ನು ‘ವೇಗ’ ಎಂದು ಬರೆಯುವುದನ್ನು ನಾವು ನಿಲ್ಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಪ್ರೊಸೆಸರ್ ಒಂದು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ. ಒಂದು ಮಿಡಿತಕ್ಕೆ ಎಷ್ಟು ಕೆಲಸ ಸಾಗುತ್ತದೆ ಎಂಬುದು ಬೇರೆಯೇ ಲೆಕ್ಕ. ಪೆಂಟಿಯಂ 4ರ ಕೊನೆಕೊನೆಯ ಮಾದರಿಗಳಲ್ಲಿ ಒಂದೊಂದು ಆಜ್ಞೆಯೂ 31 ಹಂತಗಳ ಪೈಪ್‌ಲೈನ್ (ಆಜ್ಞೆಯ ಕೆಲಸವನ್ನು ಹಂತಹಂತವಾಗಿ ಮುಗಿಸುವ ಸಾಲು) ದಾಟಬೇಕಿತ್ತು. ಕೋರ್ 2ರಲ್ಲಿ 14. ಒಂದೊಂದು ಹಂತದ ಕೆಲಸ ಚಿಕ್ಕದಾದಷ್ಟೂ ಮಿಡಿತವನ್ನು ಏರಿಸಬಹುದು, ಆದರೆ ಮುಂದೆ ಯಾವ ಆಜ್ಞೆ ಬರುತ್ತದೆ ಎಂದು ಪ್ರೊಸೆಸರ್ ಮೊದಲೇ ಮಾಡಿಕೊಳ್ಳುವ ಊಹೆ ತಪ್ಪಿದಾಗ ಅಷ್ಟೂ ಹಂತಗಳ ಕೆಲಸ ವ್ಯರ್ಥವಾಗುತ್ತದೆ. ಪುಟ್ಟ ಮಗು ಹತ್ತು ಹೆಜ್ಜೆ ಇಡುವಷ್ಟರಲ್ಲಿ ದೊಡ್ಡವರು ನಾಲ್ಕೇ ಹೆಜ್ಜೆಯಲ್ಲಿ ಬಾಗಿಲು ತಲುಪಿರುತ್ತಾರೆ. ಆದ್ದರಿಂದ ಅದನ್ನು ‘ಮಿಡಿತದ ದರ’ ಅಥವಾ ಬರೀ ‘ಮಿಡಿತ’ ಎನ್ನೋಣ. ‘ಗಡಿಯಾರದ ವೇಗ’ ಎಂಬ ಅನುವಾದ ಅಲ್ಲಲ್ಲಿ ಕಾಣುತ್ತದೆ. ವೇಗವಾಗಿ ಓಡುವ ಗಡಿಯಾರ ನಮಗೆ ಕೆಟ್ಟುಹೋದ ಗಡಿಯಾರ.

ಇದನ್ನು ಬರೆಯುತ್ತಿರುವಾಗ ಒಂದು ಸಂತೋಷವೂ ಸಿಕ್ಕಿತು. ಹುಡುಗನ ಹಳೆಯ ಯಂತ್ರ ಒಂದು ಮದುವೆ ವಿಡಿಯೊವನ್ನು ಸಿದ್ಧಗೊಳಿಸಲು 60 ನಿಮಿಷ ತೆಗೆದುಕೊಳ್ಳುತ್ತದೆ. ಗೆಳೆಯನ ಸ್ಟುಡಿಯೊದಲ್ಲಿರುವ ಹೊಸ ಯಂತ್ರ ಅದನ್ನೇ 40 ನಿಮಿಷದಲ್ಲಿ ಮುಗಿಸಿತು. ಸಮಯ ಮೂರನೆಯ ಒಂದು ಭಾಗ, ಅಂದರೆ ಶೇ 33ರಷ್ಟು ಉಳಿಯಿತು. ಗಂಟೆಗೆ ಆಗುವ ಕೆಲಸ ಶೇ 50ರಷ್ಟು ಹೆಚ್ಚಿತು. ಎರಡೂ ನಿಜ. ಮಾರುವವರು ಯಾವಾಗಲೂ ಎರಡನೆಯದನ್ನು ಹೇಳುತ್ತಾರೆ, ಕೊಳ್ಳುವವರು ಅದನ್ನು ಮೊದಲನೆಯದೆಂದು ತಿಳಿಯುತ್ತಾರೆ. ಕನ್ನಡದಲ್ಲಿ ಇವೆರಡಕ್ಕೂ ಪದಗಳು ಆಗಲೇ ಇವೆ: ‘ಬೇಗ’ ಮತ್ತು ‘ವೇಗ’. ಬೇಗ ಎಂಬುದು ವೇಗದ ತದ್ಭವವೇ. ಆದರೆ ನಮ್ಮ ಬಾಯಲ್ಲಿ ಅದು ಹೊತ್ತಿನ ಮಾತಾಗಿ ನಿಂತಿದೆ. ‘ಬೇಗ ಮುಗಿಯಿತು’ ಎಂದರೆ ಕಡಿಮೆ ಹೊತ್ತಿನಲ್ಲಿ ಮುಗಿಯಿತು. ‘ವೇಗವಾಗಿ ಸಾಗಿತು’ ಎಂದರೆ ಹೊತ್ತಿಗೆ ಇಷ್ಟು ಎಂಬ ದರ. ಒಂದೇ ಬೇರಿನ ಎರಡು ರೂಪಗಳನ್ನು ಭಾಷೆಯೇ ಹೀಗೆ ಹಂಚಿಟ್ಟಿರುವಾಗ, ಹೋಲಿಸಿ ಬರೆಯುವವರು ‘20 ನಿಮಿಷ ಬೇಗ, ಒಂದೂವರೆ ಪಟ್ಟು ವೇಗ’ ಎಂದು ಕಣ್ಣುಮುಚ್ಚಿ ಬರೆಯಬಹುದು.

‘ಪಟ್ಟು’ ಎಂದಾಗ ಇನ್ನೊಂದು ಮಾತು. ‘ಮೂರು ಪಟ್ಟು ಹೆಚ್ಚು’ ಎಂದರೆ ಮೂರರಷ್ಟೋ ನಾಲ್ಕರಷ್ಟೋ? ‘ಎರಡು ಪಟ್ಟು ಕಡಿಮೆ ವಿದ್ಯುತ್’ ಎಂದು ಬರೆದದ್ದನ್ನೂ ಓದಿದ್ದೇನೆ. ಲೆಕ್ಕದಲ್ಲಿ ಅದಕ್ಕೆ ಅರ್ಥವೇ ಇಲ್ಲ. ‘ಮೂರರಷ್ಟು’, ‘ಅರ್ಧದಷ್ಟು’ ಎಂದರೆ ಗೊಂದಲವಿಲ್ಲ. ಇಮ್ಮಡಿ, ಮುಮ್ಮಡಿ ಇನ್ನೂ ಚೆಂದ, ಆದರೆ ಒಂದೂವರೆಗೆ ಅಲ್ಲಿ ಜಾಗವಿಲ್ಲ.

‘ಬೆಂಚ್‌ಮಾರ್ಕ್’ ಅನ್ನು ಎಲ್ಲರೂ ‘ಮಾನದಂಡ’ ಎನ್ನುತ್ತಾರೆ. ಭೂಮಾಪಕರು ಕಲ್ಲಿನಲ್ಲಿ ಕೊರೆದ ಗುರುತಿನಿಂದ ಇಂಗ್ಲಿಷಿಗೆ ಬಂದ ಪದ ಅದು. ಮಾನದಂಡ ಎಂದರೆ ಅಳತೆಯ ಕೋಲು, ಕಟ್ಟಳೆ. ಪ್ರೊಸೆಸರ್‌ಗಳಿಗೆ ಮಾಡುವುದು ಪರೀಕ್ಷೆ. 1988ರಲ್ಲಿ ಹುಟ್ಟಿದ ಸ್ಪೆಕ್ ಎಂಬ ಸಂಸ್ಥೆಯ ಪರೀಕ್ಷೆ ನೋಡಿ. ಅದರ 2006ರ ಪರೀಕ್ಷೆಯಲ್ಲಿ ಸನ್ ಕಂಪನಿಯ ಹಳೆಯ ಯಂತ್ರವೊಂದನ್ನು ಆಧಾರವಾಗಿ ಇಟ್ಟುಕೊಂಡಿದ್ದರು, 296 ಮೆಗಾಹರ್ಟ್ಸ್‌ನದು. ಪ್ರತಿ ಕೆಲಸಕ್ಕೂ ಆ ಯಂತ್ರ ತೆಗೆದುಕೊಂಡ ಸಮಯವನ್ನು ಹೊಸ ಯಂತ್ರದ ಸಮಯದಿಂದ ಭಾಗಿಸಿ, ಬಂದ ಸಂಖ್ಯೆಗಳ ಗುಣೋತ್ತರ ಮಾಧ್ಯ (ಸಂಖ್ಯೆಗಳನ್ನು ಕೂಡುವ ಬದಲು ಗುಣಿಸಿ ಪಡೆಯುವ ಸರಾಸರಿ) ತೆಗೆಯುತ್ತಿದ್ದರು. ಅಕ್ಕಸಾಲಿಗರು ಮಾಡುವುದೂ ಇದನ್ನೇ. ಕರಿಯ ಕಲ್ಲಿನ ಮೇಲೆ ಚಿನ್ನವನ್ನು ಉಜ್ಜಿ, ಆ ಗೆರೆಯನ್ನು ಶುದ್ಧತೆ ಗೊತ್ತಿರುವ ಚಿನ್ನದ ಗೆರೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಒರೆಗೆ ಹಚ್ಚುವುದು ಎಂಬ ಮಾತು ಇನ್ನೂ ಬದುಕಿದೆ. ಆದ್ದರಿಂದ ಪರೀಕ್ಷೆಗೆ ‘ಒರೆ’, ಬಂದ ಅಂಕಕ್ಕೆ ‘ಒರೆಯಂಕ’ ಎನ್ನಲು ನನಗೆ ಆಸೆ. ಕತ್ತಿಯ ಒರೆಯೊಂದಿಗೆ ಗೊಂದಲವಾಗುತ್ತದೆಯೇ ಎಂಬ ಅಳುಕಿದೆ; ಸಂದರ್ಭ ಕಾಯುತ್ತದೆ ಎಂದುಕೊಂಡಿದ್ದೇನೆ.

ಪ್ರೊಸೆಸರ್, ಕೋರ್ ಹೇಗಿವೆಯೋ ಹಾಗೇ ಇರಲಿ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಾನು ಕಬ್ಬಿನ ಸೀಮೆಯವನು. ನಮ್ಮಲ್ಲಿ ಸಕ್ಕರೆ ಕಾರ್ಖಾನೆಯ ಬಗ್ಗೆ ಜನ ಎರಡು ಸಂಗತಿ ಕೇಳುತ್ತಾರೆ. ದಿನಕ್ಕೆ ಎಷ್ಟು ಟನ್ ಅರೆಯುತ್ತದೆ? ಇಳುವರಿ ಎಷ್ಟು? ಅರೆಯುವ ಕಬ್ಬಿನಲ್ಲಿ ಸಕ್ಕರೆಯಾಗಿ ಬರುವ ಪಾಲು ಶೇಕಡ ಎಷ್ಟು ಎಂಬುದೇ ಇಳುವರಿ. ಕೇಂದ್ರ ಸರ್ಕಾರ ಕಬ್ಬಿನ ದರ ನಿಗದಿ ಮಾಡುವುದೂ ಶೇ 10.25ರ ಇಳುವರಿಯನ್ನು ಮೂಲವಾಗಿಟ್ಟುಕೊಂಡು. ದಿನಕ್ಕೆ ಹೆಚ್ಚು ಅರೆದರೂ ಇಳುವರಿ ಕಡಿಮೆ ಇರಬಹುದು ಎಂಬುದು ಯಾವ ರೈತನಿಗೂ ಗೊತ್ತು. ಪ್ರೊಸೆಸರ್‌ಗಳ ವಿಷಯದಲ್ಲಿ ನನಗೆ ಬೇಕಾದದ್ದು ಇದೇ ಜೋಡಿ. ‘ಕಾರ್ಯಕ್ಷಮತೆ’ ಮೊದಲನೆಯದಕ್ಕೆ ಇರಲಿ. ‘ಎಫಿಶಿಯೆನ್ಸಿ’ಗೆ ‘ಇಳುವರಿ’ ಎನ್ನೋಣ: ಎಕರೆಗೆ ಇಷ್ಟು ಭತ್ತ ಎಂಬಂತೆ ವ್ಯಾಟ್‌ಗೆ ಇಷ್ಟು ಕೆಲಸ. ‘ಎಂಟು ಕಾರ್ಯಕ್ಷಮತೆಯ ಕೋರ್, ಎಂಟು ಇಳುವರಿಯ ಕೋರ್’ ಎಂದು ತಿದ್ದಿ ತೋರಿಸಿದಾಗ ಹುಡುಗ ಕೇಳಿದ್ದು ಒಂದೇ: ‘ಹಾಗಾದರೆ ಕರೆಂಟ್ ಬಿಲ್ ಉಳಿಸುವುದು ಎರಡನೆಯದು ತಾನೇ?’

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇಷ್ಟು. ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬನ್ನು ‘ಅರೆಯುವ’ ಬದಲು ‘ನುರಿಸುವ’ ಎನ್ನುತ್ತೀರಿ. ಅಲ್ಲಿಯೂ ‘ಇಳುವರಿ’ ಎಂದರೆ ಹಾಕಿದ್ದಕ್ಕೆ ಬಂದದ್ದೆಷ್ಟು ಎಂಬ ಅನುಪಾತವೇ, ಅಥವಾ ಒಟ್ಟು ಬೆಳೆಯೇ? ಕರಾವಳಿ, ಮಲೆನಾಡಿನಲ್ಲಿ ಎಣ್ಣೆ ಗಾಣದವರು ಕೊಬ್ಬರಿಗೆ ಇಷ್ಟು ಎಣ್ಣೆ ಎನ್ನುವುದಕ್ಕೆ ಬೇರೆ ಪದ ಬಳಸುತ್ತಾರೆಯೇ? ‘ಕಾರ್ಯಕ್ಷಮತೆ’ಯ ಜಾಗಕ್ಕೆ ‘ಕಸುವು’ ತಂದರೆ ಹೇಗೆ ಎಂದೂ ಯೋಚಿಸಿದೆ. ಮಣ್ಣಿನ ಕಸುವು, ಮೈಯ ಕಸುವು ಎಂಬಲ್ಲಿ ಅದು ಒಳಗಿರುವ ಶಕ್ತಿ, ಮಾಡಿ ತೋರಿಸಿದ್ದಲ್ಲ ಎಂದು ಹಿಂದೆಗೆದೆ. ಹಾಗೆ ಹಿಂದೆಗೆದದ್ದು ಸರಿಯೇ?

ಹುಡುಗ ಬರುವ ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುತ್ತಾನೆ. ಅಷ್ಟರೊಳಗೆ ಉತ್ತರ ಬಂದರೆ ಅವನ ಕೈಯಲ್ಲಿರುವ ಹಾಳೆಯಲ್ಲಿ ತಿದ್ದಿಕೊಡುತ್ತೇನೆ.