ಸಹಾಯ ಬೇಕು: ಹಳೇ ಬಾಕ್ಸ್‌ಸ್ಟರ್, ಕ್ಲಚ್ ಜೊತೆ ಐಎಂಎಸ್ ಬೇರಿಂಗೂ ಮಾಡಿಸ್ಬೇಕಾ?

ನಮಸ್ಕಾರ ಎಲ್ರಿಗೂ, ಸ್ಯಾನ್ ಹೋಸೆ ಕಡೆ ಹಳೇ ಪೋರ್ಷೆ ಇಟ್ಕೊಂಡೋರು ಯಾರಾದ್ರೂ ಇದೀರಾ? ನಂದು 2002ರ ಬಾಕ್ಸ್‌ಸ್ಟರ್, 2.7 ಲೀಟರ್, ಮ್ಯಾನ್ಯುವಲ್. ಕ್ಲಚ್ ಸ್ಲಿಪ್ ಆಗ್ತಿದೆ, ಗುಡ್ಡ ಹತ್ತೋವಾಗ ಆರ್‌ಪಿಎಂ ಮುಳ್ಳು ಮಾತ್ರ ಮೇಲೇರತ್ತೆ ಗಾಡಿ ಎಳೆಯೋದೇ ಇಲ್ಲ, ಜೊತೆಗೆ ಎಂಜಿನ್ನು ಗೇರ್‌ಬಾಕ್ಸು ಸೇರೋ ಜಾಗದಲ್ಲಿ ಆಯಿಲ್ ಬೇರೆ ಜಿನುಗ್ತಿದೆ, ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟ್ ಹಿಂದಿನ ಆಯಿಲ್ ಸೀಲ್) ಇರ್ಬೋದು ಅಂದ್ರು ಗ್ಯಾರೇಜ್‌ನೋರು. ಹೇಗೂ ಗೇರ್‌ಬಾಕ್ಸ್ ಇಳಿಸ್ಲೇಬೇಕು, ಐಎಂಎಸ್ ಬೇರಿಂಗ್‌ಗೂ (ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್ ಹಿಡಿಯೋ ಬೇರಿಂಗ್) ಅದೇ ದಾರಿ, ಈಗ ಬಿಟ್ಟು ಆಮೇಲೆ ಮತ್ತೆ ಬಿಚ್ಚಿಸಿದ್ರೆ ಲೇಬರ್ ಡಬಲ್, ಆ ಬೇರಿಂಗ್ ಒಡೆದ್ರಂತೂ ಎಂಜಿನ್ನೇ ಹೋಯ್ತು.

ಎಲ್ಲಾ ಸೇರಿ 5,500 ಡಾಲರ್ ಕೋಟ್ ಕೊಟ್ಟಿದಾರೆ, ಗಾಡಿ ಮಾರಿದ್ರೆ ಅದರ ಎರಡರಷ್ಟು ಸಿಕ್ಕಿದ್ರೆ ಪುಣ್ಯ. ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆ ಮಡಿಕೆ ಬಿಡಿಸಿ ನೋಡ್ದೆ, ಬೇರಿಂಗ್ ಸವೆದಿದ್ರೆ ಸಿಗೋ ಲೋಹದ ಚೂರು ಕಾಣ್ಲಿಲ್ಲ, ಸದ್ಯ.

ಐಎಂಎಸ್‌ಗೆ ಸೆರಾಮಿಕ್ ಬೇರಿಂಗ್ ಸಾಕಾ, ಇಲ್ಲ ಆಯಿಲ್ ಫೀಡ್ ಇರೋ ಪ್ಲೇನ್ (ಗುಂಡುಗಳಿಲ್ಲದ) ಬೇರಿಂಗ್ ಕಿಟ್‌ಗೇ ಹೋಗ್ಲಾ? ಡ್ಯುಯಲ್ ಮಾಸ್ ಫ್ಲೈವೀಲೂ (ಕ್ಲಚ್ ಕೂರೋ ಎರಡು ಭಾಗದ ಚಕ್ರ) ಬದಲಾಯಿಸಿ ಅಂತಿದಾರೆ, ಚೆಕ್ ಮಾಡ್ದೇನೇ! ನಂಬಿಕಸ್ಥ ಇಂಡಿಪೆಂಡೆಂಟ್ ಮೆಕ್ಯಾನಿಕ್ ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ ಪ್ಲೀಸ್. ಮಾರ್ಬಿಡಿ ಅನ್ನೋ ಸಲಹೆ ಮಾತ್ರ ಬೇಡ, ಅದನ್ನ ಮನೇಲಿ ದಿನಾ ಕೇಳ್ತಿದೀನಿ 😅