ಸುಣ್ಣಕಲ್ಲಿಗೆ ಕಾಂತವೇ ಅಂಟುವುದಿಲ್ಲ, ಮತ್ತೆ ಕಾಂತಗುಣದಿಂದ ಅದರ ವಯಸ್ಸು ಹೇಳುವುದು ಹೇಗೆ?

ಚಾರಣಪ್ರಿಯ:
ಇಟಲಿಯ ಗುಬ್ಬಿಯೋ ಊರಿನ ಪಕ್ಕದ ಬೆಟ್ಟಗಳ ಬಗ್ಗೆ ಓದುತ್ತಿದ್ದೆ. ತಿಳಿಗೆಂಪು ಸುಣ್ಣಕಲ್ಲು ಪದರ ಪದರವಾಗಿದೆಯಂತೆ, ಡೈನೋಸಾರ್‌ಗಳು ಅಳಿದ ಕಾಲದ ಗೆರೆಯೂ ಅದರಲ್ಲೇ ಇದೆಯಂತೆ. ಆದರೆ ಆ ಪದರಗಳ ವಯಸ್ಸನ್ನು ಕಲ್ಲಿನ ಕಾಂತಗುಣ ಮತ್ತು (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳಾದ) ಐಸೊಟೋಪ್‌ಗಳಿಂದ ಲೆಕ್ಕ ಹಾಕಿದರು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಸುಣ್ಣಕಲ್ಲಿನಲ್ಲಿ ಎಂಥ ಕಾಂತಗುಣ? ಇನ್ನೊಂದು, ಅದು ಸಮುದ್ರದ ಜೀವಿಗಳ ಚಿಪ್ಪಿನಿಂದ ಆದ ಕಲ್ಲು, ಇಂಗಾಲ ಇದ್ದೇ ಇದೆ ಅಲ್ವಾ, ಸುಮ್ನೆ ಕಾರ್ಬನ್ ಡೇಟಿಂಗ್ ಮಾಡಿದರೆ ಆಗುವುದಿಲ್ಲವೇ?

ಬಂಡೆಮಾತು:
ಕಾರ್ಬನ್ ಡೇಟಿಂಗ್ ಆಗುವುದಿಲ್ಲ. ಕಾರ್ಬನ್-14 ಸುಮಾರು 5730 ವರ್ಷಕ್ಕೆ ಅರ್ಧ ಆಗುತ್ತದೆ. 50 ಸಾವಿರ ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದೇ ಇಲ್ಲ. ನೀವು ಕೇಳುತ್ತಿರುವುದು ಕೋಟಿಗಟ್ಟಲೆ ವರ್ಷದ ಮಾತು.

ಇನ್ನು ಕಾಂತಗುಣ. ಸುಣ್ಣಕಲ್ಲು ತಾನಾಗಿ ಕಾಂತವಲ್ಲ, ನಿಜ. ಆದರೆ ಸಮುದ್ರದ ತಳದಲ್ಲಿ ಕೆಸರು ಕೂರುವಾಗ ಅದರ ಜೊತೆ ಕಾಂತಗುಣವಿರುವ ಕಬ್ಬಿಣದ ಖನಿಜವಾದ ಮ್ಯಾಗ್ನಟೈಟ್‌ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೂ ಕೂರುತ್ತವೆ. ಅವು ಆಗಿನ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಆ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಕೆಸರು ಗಟ್ಟಿಯಾದ ಮೇಲೆ ಅಲ್ಲಾಡುವಂತಿಲ್ಲ. ಈ ಗುಣ ಎಷ್ಟು ದುರ್ಬಲ ಅಂದರೆ ಅಳೆಯಲು ದ್ರವ ಹೀಲಿಯಂ ತಾಪಮಾನಕ್ಕೆ ತಣ್ಣಗಿಟ್ಟ ಸಂವೇದಕಗಳು ಬೇಕಾಗುತ್ತವೆ.

ಮುಖ್ಯ ವಿಷಯ ಅಂದರೆ ಭೂಮಿಯ ಕಾಂತಕ್ಷೇತ್ರ ಆಗಾಗ ಉಲ್ಟಾ ಆಗುತ್ತದೆ, ಉತ್ತರ ದಕ್ಷಿಣ ಅದಲುಬದಲು. ಬೆರ್ನಾರ್ ಬ್ರೂನ್ 1906ರಲ್ಲೇ ಫ್ರಾನ್ಸಿನ ಲಾವಾದ ಬಳಿ ಉಲ್ಟಾ ದಿಕ್ಕಿನ ಕಲ್ಲು ಕಂಡಿದ್ದರು, ಜಪಾನಿನ ಮೊತೊನೊರಿ ಮತುಯಾಮಾ 1929ರಲ್ಲಿ ಇದಕ್ಕೆ ಕಾಲದ ಕ್ರಮ ಇದೆ ಎಂದರು. ಕೊನೆಯ ಬಾರಿ ಪೂರ್ತಿ ಉಲ್ಟಾ ಆಗಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಇದಕ್ಕೆ ನಿಯಮಿತ ಅಂತರ ಅಂತ ಏನೂ ಇಲ್ಲ. ಅದೇ ನಮಗೆ ಅನುಕೂಲ: ಉದ್ದ, ಗಿಡ್ಡ, ಗಿಡ್ಡ, ತುಂಬಾ ಉದ್ದ ಅಂತ ಪಟ್ಟಿಗಳು ಬಾರ್‌ಕೋಡ್ ಥರ ಬರುತ್ತವೆ. ಸಾಗರತಳದ ಲಾವಾದಲ್ಲೂ ಇದೇ ಪಟ್ಟಿಗಳಿವೆ, ಎರಡನ್ನೂ ಹೊಂದಿಸಿ ನೋಡಬಹುದು.

ಗುಬ್ಬಿಯೋ ಕಥೆ ಮಜವಾಗಿದೆ. ಭೂವಿಜ್ಞಾನಿಗಳಾದ ವಿಲಿಯಂ ಲೋರಿ ಮತ್ತು ವಾಲ್ಟರ್ ಆಲ್ವರೆಝ್ ಅಲ್ಲಿಗೆ ಹೋಗಿದ್ದು ವಯಸ್ಸು ಹುಡುಕಲು ಅಲ್ಲ. ಇಟಲಿಯ ಭೂಭಾಗ ಹಿಂದೆ ತಿರುಗಿದೆಯೇ ಎಂದು ಕಲ್ಲಿನ ಕಾಂತ ದಿಕ್ಕಿನಿಂದ ತಿಳಿಯಲು ಹೋಗಿದ್ದರು. ಸಿಕ್ಕಿದ್ದು ಉಲ್ಟಾ ಸುಲ್ಟಾ ಪಟ್ಟಿಗಳ ಅಚ್ಚುಕಟ್ಟಾದ ಸರಣಿ. 1977ರಲ್ಲಿ ಅದು ಪ್ರಕಟವಾಯಿತು. ಡೈನೋಸಾರ್ ಗೆರೆ, ಅಂದರೆ ಆ ತೆಳು ಜೇಡಿಪದರ, 29ಆರ್ ಎಂಬ ಉಲ್ಟಾ ಪಟ್ಟಿಯೊಳಗೆ ಬರುತ್ತದೆ. ಅದೇ ಪದರದಲ್ಲಿ ಇರಿಡಿಯಂ (ನೆಲದ ಕಲ್ಲುಗಳಲ್ಲಿ ಅಪರೂಪ, ಉಲ್ಕೆಗಳಲ್ಲಿ ಹೆಚ್ಚಿರುವ ಲೋಹ) ಜಾಸ್ತಿ ಇದೆ ಎಂದು 1980ರಲ್ಲಿ ಆಲ್ವರೆಝ್ ತಂಡ ಹೇಳಿದಾಗ ಉಲ್ಕೆಯ ವಾದ ಶುರುವಾಯಿತು.

ಐಸೊಟೋಪಿ:
ಮೇಲಿನವರು ಹೇಳದೆ ಬಿಟ್ಟ ಒಂದು ಮಾತು: ಕಾಂತಗುಣ ಒಂದೇ ಇದ್ದರೆ ವರ್ಷ ಸಿಗುವುದಿಲ್ಲ. ಪ್ರತಿ ಪದರ ಹೇಳುವುದು ಸರಿ ದಿಕ್ಕು ಅಥವಾ ಉಲ್ಟಾ, ಅಷ್ಟೇ. ಎಷ್ಟನೇ ಪಟ್ಟಿ ಎಂದು ತಿಳಿಯಲು ಎಲ್ಲಾದರೂ ಒಂದು ಕಡೆ ಗೂಟ ಹೊಡೆಯಬೇಕು. ಸೂಕ್ಷ್ಮ ಜೀವಿಗಳ ಪಳೆಯುಳಿಕೆ ಒಂದು ಗೂಟ. ಐಸೊಟೋಪ್ ಇನ್ನೊಂದು, ಮತ್ತು ಅದರಲ್ಲಿ ಎರಡು ಬಗೆ ಇದೆ, ಜನ ಎರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ನಿಜವಾದ ಗಡಿಯಾರ. ಸುಣ್ಣಕಲ್ಲಿನ ನಡುವೆ ಜ್ವಾಲಾಮುಖಿ ಬೂದಿಯ ತೆಳು ಪದರ ಸಿಕ್ಕರೆ ಅದರ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಸೀಸವಾಗಿದ್ದು ಎಷ್ಟು ಎಂದು ಅಳೆಯುತ್ತಾರೆ, ಇಲ್ಲವೇ ಬಯೋಟೈಟ್ ಎಂಬ ಕಪ್ಪು ಅಭ್ರಕದಲ್ಲಿ ಪೊಟ್ಯಾಸಿಯಂನಿಂದ ಹುಟ್ಟಿದ ಆರ್ಗಾನ್ ಅಳೆಯುತ್ತಾರೆ. ಇಟಲಿಯ ಅಂಕೋನಾ ಹತ್ತಿರದ ಮಸ್ಸಿನ್ಯಾನೊದಲ್ಲಿ ಇಂಥ ಬಯೋಟೈಟ್ ಪದರಗಳಿವೆ. ಇಯೊಸೀನ್ ಎಂಬ ಭೂಯುಗ ಮುಗಿದು ಒಲಿಗೊಸೀನ್ ಯುಗ ಶುರುವಾಗುವ ಗಡಿಯ ಜಾಗತಿಕ ಗುರುತು ಅಲ್ಲೇ ಇರುವುದು, ವಯಸ್ಸು ಸುಮಾರು 3.39 ಕೋಟಿ ವರ್ಷ.

ಎರಡನೆಯದು ಹೋಲಿಸಿ ನೋಡುವುದು. ಸಮುದ್ರದ ನೀರಿನಲ್ಲಿ ಸ್ಟ್ರಾನ್ಷಿಯಂ ಎಂಬ ಲೋಹದ ಎರಡು ಐಸೊಟೋಪು, 87 ಮತ್ತು 86, ಇವುಗಳ ಅನುಪಾತ ಕಾಲ ಕಳೆದಂತೆ ಬದಲಾಗಿದೆ, ಆದರೆ ಒಂದು ಕಾಲದಲ್ಲಿ ತೆರೆದ ಸಮುದ್ರದಲ್ಲಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಈಗ ಸುಮಾರು 0.7092. ಡೈನೋಸಾರ್ ಗೆರೆಯ ಹೊತ್ತಿಗೆ 0.7078 ಆಸುಪಾಸು. ಚಿಪ್ಪು ಬೆಳೆಯುವಾಗ ಆಗಿನ ಅನುಪಾತವೇ ಅದರೊಳಗೆ ಸೇರುತ್ತದೆ. ಆದರೆ ಇದು ಎಲ್ಲ ಕಾಲಕ್ಕೂ ಒಂದೇ ಥರ ಕೆಲಸ ಮಾಡುವುದಿಲ್ಲ. 3.5 ಕೋಟಿ ವರ್ಷದಿಂದ ಈಚೆಗೆ ಈ ಅನುಪಾತದ ರೇಖೆ ಕಡಿದಾಗಿ ಏರುತ್ತದೆ, ವಯಸ್ಸು ಚೆನ್ನಾಗಿ ಸಿಗುತ್ತದೆ. ಅದಕ್ಕೂ ಹಿಂದಿನ ಸುಮಾರು 3 ಕೋಟಿ ವರ್ಷ ರೇಖೆ ಹೆಚ್ಚುಕಡಿಮೆ ಚಪ್ಪಟೆ. ಅಲ್ಲಿ ಸ್ಟ್ರಾನ್ಷಿಯಂ ನಂಬಿ ಕೂತರೆ ಕೆಲಸ ಕೆಟ್ಟಂತೆ.

ಸಂಶಯಿ:
ಎಲ್ಲಾ ಚೆನ್ನಾಗಿದೆ, ಆದರೆ ಇದು ಬೆಟ್ಟದ ಕಲ್ಲು ಸ್ವಾಮಿ. ಸಮುದ್ರದ ತಳದಿಂದ ಎದ್ದು, ಮಡಚಿ, ಬಿಸಿಯಾಗಿ, ಬಿರುಕುಗಳಲ್ಲಿ ನೀರು ಹರಿದು, ಇಷ್ಟೆಲ್ಲ ಆದ ಮೇಲೂ ಹಳೆಯ ದಿಕ್ಕು ಹಾಗೇ ಉಳಿದಿದೆ ಅಂತ ಹೇಗೆ ನಂಬುವುದು?

ಬಂಡೆಮಾತು:
ಸಂಶಯ ಸರಿಯಾಗೇ ಇದೆ. ಎಷ್ಟೋ ಕಡೆ ಉಳಿದಿರುವುದೇ ಇಲ್ಲ. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಎಷ್ಟೋ ಹಳೆಯ ಸುಣ್ಣಕಲ್ಲುಗಳ ಕಾಂತಗುಣ ಸುಮಾರು 30 ಕೋಟಿ ವರ್ಷಗಳ ಹಿಂದೆ, ಬೆಟ್ಟ ಏಳುವ ಕಾಲದಲ್ಲಿ, ಹೊಸದಾಗಿ ಬರೆದುಕೊಂಡಿದೆ. ಆ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಪರೀಕ್ಷೆ ಮಾಡದೆ ಪಟ್ಟಿ ಎಳೆದವರ ಲೆಕ್ಕವನ್ನು ನಾನಂತೂ ಓದುವುದೂ ಇಲ್ಲ.

ಪರೀಕ್ಷೆ ಹೀಗೆ. ಕಲ್ಲಿನ ತುಂಡನ್ನು ಹೊರಗಿನ ಕಾಂತಕ್ಷೇತ್ರ ತಾಗದ ಒಲೆಯಲ್ಲಿ ಹಂತ ಹಂತವಾಗಿ ಕಾಯಿಸಿ, ಪ್ರತಿ ಹಂತದ ನಂತರ ದಿಕ್ಕು ಅಳೆಯುತ್ತಾರೆ. ಇತ್ತೀಚೆಗೆ ಅಂಟಿಕೊಂಡ ದಿಕ್ಕು ಸಾಮಾನ್ಯವಾಗಿ ಕಡಿಮೆ ಬಿಸಿಗೇ ಹೋಗುತ್ತದೆ, ಮ್ಯಾಗ್ನಟೈಟ್‌ನದು 580 ಡಿಗ್ರಿವರೆಗೆ, ಇನ್ನೊಂದು ಕಬ್ಬಿಣದ ಖನಿಜವಾದ ಹೆಮಟೈಟ್‌ನದು ಸುಮಾರು 675ರವರೆಗೆ ನಿಲ್ಲಬಲ್ಲದು. ಆಮೇಲೆ ಮಡಿಕೆಯ ಪರೀಕ್ಷೆ. ಬಾಗಿದ ಪದರಗಳನ್ನು ಲೆಕ್ಕದಲ್ಲಿ ಮತ್ತೆ ಮಟ್ಟ ಮಾಡಿ ನೋಡುತ್ತಾರೆ. ಆಗ ದಿಕ್ಕುಗಳು ಒಂದೇ ಕಡೆ ಸೇರಿದರೆ ಆ ಕಾಂತಗುಣ ಮಡಚುವುದಕ್ಕಿಂತ ಹಳೆಯದು. ಈಗಿನ ಓರೆಯಲ್ಲೇ ಚೆನ್ನಾಗಿ ಸೇರುತ್ತಿದ್ದರೆ ಆಮೇಲೆ ಬಂದದ್ದು, ಪಕ್ಕಕ್ಕಿಡಿ.

ಐಸೊಟೋಪಿ:
ಸ್ಟ್ರಾನ್ಷಿಯಂಗೂ ಇದೇ ಪಾಡು. ನೀರು ಹರಿದ ಕಲ್ಲಿನಲ್ಲಿ ಸಾಮಾನ್ಯವಾಗಿ ಮ್ಯಾಂಗನೀಸ್, ಕಬ್ಬಿಣ ಜಾಸ್ತಿ ಇರುತ್ತದೆ, ಅಂಥ ತುಂಡು ಬೇಡ. ಇಡೀ ಕಲ್ಲನ್ನು ಪುಡಿ ಮಾಡುವುದಕ್ಕಿಂತ ಕೆಡದ ಚಿಪ್ಪನ್ನು ಆರಿಸಿಕೊಳ್ಳುವುದು ಮೇಲು.

ಚಾರಣಪ್ರಿಯ:
ಈಗ ಅರ್ಥವಾಯಿತು, ಧನ್ಯವಾದ. ಒಂದು ಕಡೆಯ ಪ್ರಶ್ನೆ. ಬೂದಿ ಒಂದು ವಯಸ್ಸು ಹೇಳಿ, ಕಾಂತ ಪಟ್ಟಿ ಬೇರೆ ಹೇಳಿದರೆ ಯಾರ ಮಾತು ಕೇಳುತ್ತಾರೆ?

ಐಸೊಟೋಪಿ:
ಹರಳು ಚೆನ್ನಾಗಿದ್ದರೆ ಬೂದಿಯದ್ದೇ. ಆದರೂ ಜ್ವಾಲಾಮುಖಿ ಸಿಡಿಯುವಾಗ ಹಳೆಯ ಜಿರ್ಕಾನ್‌ಗಳೂ ಜೊತೆಗೆ ಬಂದಿರಬಹುದು, ಅದಕ್ಕೇ ಒಂದೇ ಹರಳು ನೋಡಿ ತೀರ್ಮಾನ ಮಾಡುವುದಿಲ್ಲ. ಅಲ್ಲೂ ಸರಿ ಇದ್ದರೆ ಪಟ್ಟಿಯನ್ನು ಎಣಿಸಿದ್ದರಲ್ಲೇ ಏನೋ ತಪ್ಪಿದೆ. ಎಷ್ಟೋ ಸಲ ನಡುವೆ ಕೆಸರು ಕೂರುವುದು ನಿಂತಿರುತ್ತದೆ, ಇಲ್ಲವೇ ಕೂತದ್ದು ಕೊಚ್ಚಿಹೋಗಿರುತ್ತದೆ, ಒಂದು ಪಟ್ಟಿ ಪೂರ್ತಿ ಮಾಯ. ಇನ್ನು ಸುಮಾರು 12 ಕೋಟಿಯಿಂದ 8.3 ಕೋಟಿ ವರ್ಷಗಳ ನಡುವಿನ ಕಲ್ಲಾದರೆ ಈ ಜಗಳವೇ ಇಲ್ಲ, ಅಷ್ಟು ಕಾಲ ಕಾಂತಕ್ಷೇತ್ರ ಉಲ್ಟಾ ಆಗಲೇ ಇಲ್ಲ ಅನ್ನಬಹುದು. ಅಲ್ಲಿ ಎಣಿಸಲು ಪಟ್ಟಿಯೇ ಸಿಗುವುದಿಲ್ಲ, ಪಳೆಯುಳಿಕೆ, ಬೂದಿ, ಇಂಗಾಲದ (ಕಾರ್ಬನ್-14 ಅಲ್ಲ, ಕ್ಷಯಿಸದ) ಐಸೊಟೋಪ್‌ಗಳ ಏರಿಳಿತ ಇವನ್ನೇ ಹಿಡಿದು ಹೋಗಬೇಕು.