ಉತ್ಪ್ರೇಕ್ಷೆ: ಮಾತಿನಲ್ಲಿ ಒಂದು, ಪಾಠದಲ್ಲಿ ಇನ್ನೊಂದು

ಎಲ್ಲರಿಗೂ ನಮಸ್ಕಾರ.

ಹೋದ ವಾರ ಮಗಳ ಕನ್ನಡ ಟೆಸ್ಟ್ ಪೇಪರ್ ಮನೆಗೆ ಬಂತು. ಉತ್ಪ್ರೇಕ್ಷೆಗೆ ಉದಾಹರಣೆ ಕೇಳಿದ್ದರು. ‘ಅಮ್ಮ ನನ್ನನ್ನು ಸಾವಿರ ಸಲ ಕೂಗಿದಳು’ ಎಂದು ಬರೆದಿದ್ದಳು. ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ. ‘ನೀನೇ ಹೇಳಿಕೊಟ್ಟಿದ್ದು ಅಲ್ವಾ ಅಪ್ಪ?’ ಅಂದಳು. ಹೌದು, ನಾನೇ. ಆಮೇಲೆ ಪುಸ್ತಕ ತೆಗೆದು ನೋಡಿದೆ. ಸೊನ್ನೆ ಸರಿಯಾಗಿಯೇ ಇತ್ತು.

ನಾವು ದಿನಾ ಆಡುವಾಗ ಉತ್ಪ್ರೇಕ್ಷೆ ಅಂದರೆ ಇದ್ದದ್ದಕ್ಕಿಂತ ಜಾಸ್ತಿ ಮಾಡಿ ಹೇಳುವುದು. ಕಾವ್ಯದ ಅಲಂಕಾರದಲ್ಲಿ ಹಾಗಲ್ಲ. ಒಂದನ್ನು ನೋಡಿ, ಅದು ಇನ್ನೊಂದೇನೋ ಎಂದು ಊಹಿಸುವುದು ಉತ್ಪ್ರೇಕ್ಷೆ. ಸ್ಕೂಲಿನಲ್ಲಿ ಓದಿದ ಅಚ್ಛೋದ ಸರೋವರದ ಉದಾಹರಣೆ ನೆನಪಿದೆಯೇ? ಮೂರು ಲೋಕದ ಲಕ್ಷ್ಮಿ ಮುಖ ನೋಡಿಕೊಳ್ಳಲು ಇಟ್ಟ ರನ್ನಗನ್ನಡಿಯೋ ಎಂಬಂತೆ ಸರೋವರ ಹೊಳೆಯುತ್ತಿತ್ತು ಅನ್ನುವುದು. ಆ ‘ಓ’, ‘ಏನೋ’, ‘ಎಂಬಂತೆ’ ಇವೇ ಅದರ ಗುರುತು.

ಪುಸ್ತಕದ ಉದಾಹರಣೆ ಮಗಳಿಗೆ ಹತ್ತಲಿಲ್ಲ. ನಮ್ಮ ರಸ್ತೆಯಲ್ಲಿ ಹೊಂಗೆಮರಗಳಿವೆ. ಯುಗಾದಿ ಹೊತ್ತಿಗೆ ಹೂ ಉದುರಿ ನೆಲವೆಲ್ಲ ಬೆಳ್ಳಗಾಗುತ್ತದೆ. ಅಲ್ಲಿಗೇ ಕರೆದುಕೊಂಡು ಹೋದೆ. ‘ಹೂ ಅರಳಿನಂತೆ ಬಿದ್ದಿದೆ’ ಅಂದರೆ ಉಪಮೆ. ‘ಈ ಹೂವೇ ಅರಳು’ ಅಂದರೆ ರೂಪಕ. ‘ಹಬ್ಬ ಬಂತೆಂದು ಮರ ಅರಳು ಚೆಲ್ಲಿದೆಯೇನೋ’ ಅಂದರೆ ಉತ್ಪ್ರೇಕ್ಷೆ. ಹೂವಿನ ಹೆಸರನ್ನೇ ಎತ್ತದೆ ‘ರಸ್ತೆ ತುಂಬ ಅರಳು!’ ಅಂದುಬಿಟ್ಟರೆ ಅತಿಶಯೋಕ್ತಿ. (ಹೂವೂ ಅರಳುತ್ತದೆ, ಭತ್ತ ಹುರಿದರೂ ಅರಳು. ಕನ್ನಡಕ್ಕೆ ಈ ಚಂದ ಪುಕ್ಕಟೆ ಸಿಕ್ಕಿದೆ.)

ಕೊನೆಯದನ್ನು ಕೇಳಿ ನಿಮಗೆ ಹುಬ್ಬು ಗಂಟಾಗಿರಬಹುದು. ಗೋಪುರ ಚಂದ್ರನನ್ನು ಮುಟ್ಟಿತು ಅನ್ನುವ ದೊಡ್ಡ ಮಾತೂ ಅತಿಶಯೋಕ್ತಿಯೇ. ಆದರೆ ಸಂಸ್ಕೃತದಲ್ಲಿ ಅಲಂಕಾರಗಳ ಬಗ್ಗೆ ಬರೆದ ಮಮ್ಮಟ ಮೊದಲು ಹೇಳುವ ಬಗೆ ಇದು: ಉಪಮಾನ (ಹೋಲಿಕೆಗೆ ತಂದದ್ದು, ಇಲ್ಲಿ ಅರಳು) ಉಪಮೇಯವನ್ನು (ಯಾವುದನ್ನು ಹೋಲಿಸುತ್ತೇವೋ ಅದು, ಇಲ್ಲಿ ಹೂ) ನುಂಗಿಬಿಡುವುದು. ಉತ್ಪ್ರೇಕ್ಷೆಯಲ್ಲಿ ನುಂಗುವ ಕೆಲಸ ಇನ್ನೂ ನಡೆಯುತ್ತಿರುತ್ತದೆ, ಅತಿಶಯೋಕ್ತಿಯಲ್ಲಿ ಮುಗಿದಿರುತ್ತದೆ. ಎರಡೂ ಅಕ್ಕಪಕ್ಕದ ಮನೆಯವು. ಆಡುಮಾತಿನಲ್ಲಿ ಒಂದರ ಅರ್ಥ ಇನ್ನೊಂದಕ್ಕೆ ಹೋಗಿದ್ದು ಹೀಗೇ ಇರಬೇಕು ಅನ್ನುವುದು ನನ್ನ ಊಹೆ. ಹಿಂದಿ, ತೆಲುಗಿನವರು ದಿನಬಳಕೆಗೂ ಅತಿಶಯೋಕ್ತಿ ಅನ್ನುತ್ತಾರೆ. ನಾವು ‘ಎಂದರೆ ಅತಿಶಯೋಕ್ತಿಯಲ್ಲ’ ಅಂತಲೂ ಬರೆಯುತ್ತೇವೆ, ‘ಉತ್ಪ್ರೇಕ್ಷೆಯಲ್ಲ’ ಅಂತಲೂ ಬರೆಯುತ್ತೇವೆ.

ಉಪಮೆಗೂ ಉತ್ಪ್ರೇಕ್ಷೆಗೂ ಗಡಿ ಎಲ್ಲಿ ಅನ್ನುವ ಜಗಳ ಮಾತ್ರ ತುಂಬ ಹಳೆಯದು. ‘ಲಿಂಪತೀವ ತಮೋಂಗಾನಿ ವರ್ಷತೀವಾಂಜನಂ ನಭಃ’ ಎಂಬ ಸಂಸ್ಕೃತ ಸಾಲನ್ನು ಅಲಂಕಾರಗಳ ಬಗ್ಗೆ ಬರೆದ ಇನ್ನೊಬ್ಬ, ದಂಡಿ, ತನ್ನ ‘ಕಾವ್ಯಾದರ್ಶ’ದಲ್ಲಿ ಎತ್ತಿಕೊಂಡು ಜಗ್ಗಾಡುತ್ತಾನೆ. ಕತ್ತಲು ಮೈಗೆ ಬಳಿಯುತ್ತಿದೆಯೇನೋ, ಆಕಾಶ ಕಾಡಿಗೆ ಸುರಿಸುತ್ತಿದೆಯೇನೋ ಎಂದರ್ಥ. ‘ಇವ’ (ನಮ್ಮ ‘ಅಂತೆ’ಯ ಹಾಗೆ) ಇದೆಯಲ್ಲ, ಉಪಮೆ ಅನ್ನೋಣ ಅಂದರೆ ದಂಡಿ ಒಪ್ಪುವುದಿಲ್ಲ. ‘ಬಳಿಯುತ್ತಿದೆ’ ಅನ್ನುವ ಕ್ರಿಯಾಪದ ಉಪಮಾನವಾಗಲಾರದು, ಹಾಗಾಗಿ ಇದು ಉತ್ಪ್ರೇಕ್ಷೆ ಅನ್ನುತ್ತಾನೆ. ನಮ್ಮ 9ನೇ ಶತಮಾನದ ‘ಕವಿರಾಜಮಾರ್ಗ’ ಬಹುಮಟ್ಟಿಗೆ ಹಿಡಿದದ್ದೂ ದಂಡಿಯ ದಾರಿಯನ್ನೇ. ಕನ್ನಡದಲ್ಲಿ ‘ಅಂತೆ’ ಕಂಡ ಕೂಡಲೇ ಉಪಮೆ ಅಂತ ಟಿಕ್ ಹಾಕುವವರು ಈ ಸಾಲನ್ನು ಒಮ್ಮೆ ನೋಡಬೇಕು.

ಪದವನ್ನೇ ಬಿಡಿಸಿದರೆ ಒಳಗೆ ‘ಈಕ್ಷ್’ ಇದೆ, ಅಂದರೆ ನೋಡು. ಪರೀಕ್ಷೆ, ನಿರೀಕ್ಷೆ, ಪ್ರೇಕ್ಷಕ ಎಲ್ಲ ಒಂದೇ ಮನೆತನ. ಉಬ್ಬಿಸುವ ಮಾತು ಅಲ್ಲೆಲ್ಲೂ ಇಲ್ಲ.

ಹಾಗಂತ ಆಡುಮಾತಿನ ಬಳಕೆ ತಪ್ಪು ಅಂತ ನಾನು ಅನ್ನುವುದಿಲ್ಲ. ಅದು ಈಗ ಬೇರೂರಿದ ಅರ್ಥ. ಪಾಠ ಹೇಳುವಾಗ ಮಾತ್ರ ತೊಂದರೆ.

ಎರಡು ವಿಷಯ ಕೇಳಬೇಕು. ಮಕ್ಕಳಿಗೆ ಪಾಠ ಮಾಡುವವರು ಈ ಎರಡು ಅರ್ಥಗಳನ್ನು ಹೇಗೆ ಬೇರೆ ಮಾಡಿ ತೋರಿಸುತ್ತೀರಿ? ಇನ್ನೊಂದು, ಜಾಸ್ತಿ ಮಾಡಿ ಹೇಳುವುದಕ್ಕೆ ನಿಮ್ಮ ಕಡೆ ಯಾವ ಮಾತು ಓಡುತ್ತದೆ? ಕಡ್ಡಿಯನ್ನು ಗುಡ್ಡ ಮಾಡು, ರೆಕ್ಕೆಪುಕ್ಕ ಕಟ್ಟು, ಒಂದಕ್ಕೆರಡು ಸೇರಿಸು, ಇಷ್ಟು ನನ್ನ ಹತ್ತಿರ ಇವೆ. ಬುರುಡೆ, ರೈಲು ಬಿಡುವುದು ಇದಕ್ಕೆ ಸೇರುವುದಿಲ್ಲ ಅನ್ನಿಸುತ್ತದೆ. ಅದು ಪೂರಾ ಸುಳ್ಳು, ಇದರಲ್ಲಿ ಒಂದು ಕಡ್ಡಿಯಾದರೂ ನಿಜ ಇರಬೇಕಲ್ಲ?